ಫಾಯ್ದಾ ಏನದ?

ಇಂಟ್ಯಾಕ್ ಸದಸ್ಯನಾಗುತ್ತೇನೆ ಅಂದಾಗ ನಮ್ಮ ಮನೆಯಾಕೆ, "ಅದರಾಗ ಫಾಯ್ದಾ ಏನದ್ರೀ?" ಅಂದಳು. ಕಲಬುರಗಿಯ ತೊಗರಿ ವ್ಯಾಪಾರಸ್ಥರ ಮಗಳು, ಕೇಳಿದ್ದು ನ್ಯಾಯವೇ.

ಹಳೆಯ ಕಟ್ಟಡ, ಕಲೆ, ಸಂಸ್ಕೃತಿ ಉಳಿಸಲು 1984ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಸಂಸ್ಥೆ ಅಂದೆ. ಕಲ್ಕತ್ತದಲ್ಲಿ ಗಳಿಸಿ 1916ರಲ್ಲಿ ತೀರಿಕೊಂಡ ಚಾರ್ಲ್ಸ್ ವಾಲೇಸ್ ಎಂಬ ಬ್ರಿಟಿಷ್ ವ್ಯಾಪಾರಿಯ ಆಸ್ತಿಯ ಪಾಲೂ ಅದಕ್ಕೆ ಸಂದಿದೆ ಅಂದೆ. "ಅಂವ ರೊಕ್ಕಾ ಬಿಟ್ಟು ಹೋದ, ನೀವು ಕೊಟ್ಟು ಬರ್ಲತ್ತೀರಿ." ಪಾರಂಪರಿಕ ನಡಿಗೆ ಇರುತ್ತದೆ ಅಂದೆ. "ನಡೀಲಿಕ್ಕೂ ರೊಕ್ಕಾ ಕಟ್ಟಬೇಕೇನ್ರೀ?"

ಇಂಗ್ಲೆಂಡಿನಲ್ಲಾದರೆ ಗಂಡಸು ತಲೆಯೆತ್ತಿ ಉತ್ತರ ಕೊಡಬಹುದು. ಅಲ್ಲಿ 1895ರಿಂದ ಇರುವ ನ್ಯಾಷನಲ್ ಟ್ರಸ್ಟಿಗೆ ಚಂದಾ ಕಟ್ಟಿದವರಿಗೆ ಜಮೀನ್ದಾರರ ಬಂಗಲೆ, ತೋಟಗಳಿಗೆಲ್ಲ ಪುಕ್ಕಟೆ ಪ್ರವೇಶ. ನಮ್ಮ ಕಲಬುರಗಿ ಕೋಟೆಗೆ ಟಿಕೆಟ್ಟೇ ಇಲ್ಲ. ಕಮಲಾಪುರದ ಕಡೆಯ ಹೊಳಕುಂದಾದ ಬಹಮನಿ ಕಾಲದ ಗುಮ್ಮಟಗಳಿಗಂತೂ ಆಡು ಕೂಡ ಸದಸ್ಯತ್ವ ಪಡೆಯದೆ ಹೋಗಿಬರುತ್ತದೆ.

ಆದರೂ ಸೇರಿದೆ. ಸೇರಿದ ಮೇಲೆ ಕಣ್ಣು ಕೆಟ್ಟಿತು. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ, ಅಂಗಳವೇ ಇಲ್ಲದೆ ಇಡೀ ಗುಮ್ಮಟಗಳಡಿ ನಿಂತದ್ದು, ಅದಕ್ಕೆ ಪುರಾತತ್ತ್ವ ಇಲಾಖೆಯ ಕಾವಲಿದೆ. ಯಾವ ಫಲಕವೂ ಇಲ್ಲದ ಕಟ್ಟಡಗಳನ್ನು ಪಟ್ಟಿ ಮಾಡುವುದು ಇಂಟ್ಯಾಕಿನ ಕೆಲಸಗಳಲ್ಲೊಂದು. ಅದು ತಲೆಗೆ ಹೊಕ್ಕಿದ್ದೇ, ಸೂಪರ್ ಮಾರ್ಕೆಟ್ಟಿಗೆ ಚಹಾಪುಡಿ ತರಲು ಹೊರಟವನು ಯಾರದೋ ಮನೆಯ ಶಹಾಬಾದ್ ಕಲ್ಲಿನ ಕಟ್ಟೆ, ಕೆತ್ತನೆಯ ಬಾಗಿಲು ನೋಡುತ್ತ ನಿಲ್ಲತೊಡಗಿದೆ. ಒಳಗಿನಿಂದ ಯಜಮಾನರು ಬಂದು "ಯಾರು ಬೇಕಾಗಿತ್ರೀ?" ಅನ್ನುತ್ತಾರೆ. ಏನು ಹೇಳುವುದು? ಬಾಗಿಲೇ ಬೇಕಾಗಿತ್ತು ಅನ್ನಲಾದೀತೆ?

ಈ ನಡುವೆ ಕಮಲಾಪುರದಲ್ಲಿ ತಮ್ಮ ನಮ್ಮ ಹಳೆಯ ಮನೆ ಕೆಡವಲು ನಿಂತ. ಅಜ್ಜ ನಿಲ್ಲಿಸಿದ ಸಾಗವಾನಿ ಕಂಬಗಳ ಮನೆ. ಸದಸ್ಯನ ಗತ್ತಿನಲ್ಲಿ ಬಸ್ಸು ಹತ್ತಿ ಹೋಗಿ, ಪರಂಪರೆಯ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಪೂರ್ತಿ ಕೇಳಿಸಿಕೊಂಡ, ಸಂಭಾವಿತ ಹುಡುಗ. "ಅಣ್ಣಾ, ಮಳಿಗಾಲದಾಗ ನಿಮ್ಮ ಸಂಸ್ಥಾದವ್ರು ಬಂದು ಬಕೇಟ್ ಹಿಡದು ನಿಂದರ್ತಾರೇನು?" ಮಣ್ಣಿನ ಮಾಳಿಗೆ ಸೋರುತ್ತಿತ್ತು. ಅದರಡಿ ಮಲಗುವವನು ಅವನು. ನಾನು ಕಲಬುರಗಿಯಲ್ಲಿ ಸ್ಲ್ಯಾಬಿನ ಕೆಳಗೆ. ನನ್ನ ಸಮಾಧಾನಕ್ಕೆ ಎರಡು ಕಂಬ ಉಳಿಸಿಕೊಟ್ಟು, ಒಂದು ಗೊನೆ ಕೆಂಪು ಬಾಳೆಹಣ್ಣನ್ನೂ ಹೊರಿಸಿದ.

ಮಿಕ್ಕ ಕಂಬ ಕೊಂಡವನನ್ನು ಎಲ್ಲಿಗೆ ಒಯ್ಯುತ್ತೀ ಎಂದು ಕೇಳಿದೆ. ಬೆಂಗಳೂರಿಗಂತೆ. ಅಲ್ಲೊಂದು ರೆಸಾರ್ಟಿನವರು ಹಳೇ ಮನೆ ಥರ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿ ಒಳಗೆ ಹೋಗಲು ಖಂಡಿತ ದುಡ್ಡಿರುತ್ತದೆ. ಇಂಟ್ಯಾಕ್ ಸದಸ್ಯರಿಗೆ ರಿಯಾಯಿತಿ ಇದೆಯೇ, ಫೋನು ಮಾಡಿ ಕೇಳಬೇಕು.