ನೀಲಿಯಾಗದ ಎಣ್ಣೆ

ಮೊದಲು ಮೂಗಿಗೆ ಬಡಿಯುವುದು ಸೇಬಿನ ವಾಸನೆ, ಅದರ ಬೆನ್ನಿಗೇ ಒಣಹುಲ್ಲಿನದು. ಮೈಸೂರಿನ ಹೊರವಲಯದ ಈ ಎಣ್ಣೆ ತೆಗೆಯುವ ಘಟಕದಲ್ಲಿ ಈಗಷ್ಟೇ ಚೀಲದ ಬಾಯಿ ಬಿಚ್ಚಿದ್ದಾರೆ. ಒಳಗಿರುವುದು ಈಜಿಪ್ಟಿನಿಂದ ಬಂದ ಒಣ ಕ್ಯಾಮೊಮೈಲ್. ನಮ್ಮ ಸೇವಂತಿಗೆಯ ಕುಟುಂಬದ್ದೇ ಹೂವು, ಗಾತ್ರದಲ್ಲಿ ಮಾತ್ರ ಉಗುರಿನಷ್ಟು. ಒಂದನ್ನು ಬೆರಳಲ್ಲಿ ಸೀಳಿ ನೋಡಿ: ಹಳದಿ ನಡುಭಾಗದ ಒಳಗೆ ಟೊಳ್ಳು. ಅಸಲಿ ಜರ್ಮನ್ ಕ್ಯಾಮೊಮೈಲಿನ ಗುರುತೇ ಆ ಟೊಳ್ಳು.

ಹೂವನ್ನು ತರಿತರಿಯಾಗಿ ಒಡೆದು ಸ್ಟೀಲ್ ಬುಟ್ಟಿಗೆ ತುಂಬುತ್ತಾರೆ. ತೀರಾ ನುಣ್ಣಗಾದರೆ ಪುಡಿ ಗಟ್ಟಿಕಟ್ಟಿ, ಎಣ್ಣೆ ಇಳಿಸಲು ಹಾಯಿಸುವ ಇಂಗಾಲದ ಡೈಆಕ್ಸೈಡ್ ಅನಿಲ ಯಾವುದೋ ಒಂದೇ ಸಂದಿನಲ್ಲಿ ದಾರಿ ಮಾಡಿಕೊಂಡು ನುಗ್ಗಿಬಿಡುತ್ತದೆ. ಮಿಕ್ಕ ಹೂವು ಅನಿಲ ತಾಗದೆ ಹಾಗೇ ಉಳಿಯುತ್ತದೆ. ಬುಟ್ಟಿ ದಪ್ಪ ಗೋಡೆಯ ಪಾತ್ರೆಯೊಳಕ್ಕೆ ಇಳಿಯಿತು, ಮುಚ್ಚಳ ಬಿಗಿಯಿತು.

"ಸ್ವಲ್ಪ ಈಚೆ ಬನ್ನಿ ಸರ್, ಪಂಪ್ ಹಾಕ್ತೀನಿ," ಎನ್ನುತ್ತಾರೆ ಆಪರೇಟರ್.

ಮೀಟರಿನ ಮುಳ್ಳು ಏರುತ್ತದೆ. 30, 50, 70 ಬಾರ್. ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ 74 ಬಾರ್ ಒತ್ತಡವನ್ನೂ ದಾಟಿತೆಂದರೆ ಅತ್ತ ದ್ರವವೂ ಅಲ್ಲ, ಇತ್ತ ಅನಿಲವೂ ಅಲ್ಲ. ಅನಿಲದಂತೆ ಸಂದುಗೊಂದಿಗೆಲ್ಲ ನುಗ್ಗುತ್ತದೆ, ದ್ರವದಂತೆ ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ. ದ್ರವಗಳಿಗೆ ಇಂಥದೊಂದು ಸ್ಥಿತಿ ಇದೆಯೆಂದು 1822ರಲ್ಲಿ ಪತ್ತೆ ಮಾಡಿದವನು ಫ್ರಾನ್ಸಿನ ಕಾನ್ಯಾರ್ ದ ಲಾ ಟೂರ್. ದ್ರವ ಹಾಕಿ ಕಾಯಿಸಿದ ಬಂದೂಕಿನ ನಳಿಕೆಯೊಳಗೆ ಗುಂಡು ಉರುಳಿಸಿ, ಅದರ ಸದ್ದು ಬದಲಾಗುವುದನ್ನು ಕಿವಿಗೊಟ್ಟು ಕೇಳಿದನಂತೆ! 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ತ್ಸೋಸೆಲ್ ಇದೇ ಗುಣವನ್ನು ಕಾಫಿಬೀಜದಿಂದ ಕೆಫೀನ್ ತೆಗೆಯಲು ಹಚ್ಚಿದರು.

ಮುಳ್ಳು 100 ದಾಟಿ ನಿಂತಿದೆ. ಪಾತ್ರೆಯ ಶಾಖ 40 ಡಿಗ್ರಿ, ಬರೀ ಜ್ವರ ಬಂದ ಮೈಯಷ್ಟು. ಒತ್ತಡ ಇನ್ನೂ ಏರಿಸಿದರೆ ಹೂವಿನ ಮೇಣವೂ ಹೆಚ್ಚಾಗಿ ಇಳಿದುಬರುತ್ತದೆ. ಆಪರೇಟರ್ ಕಣ್ಣು ಮೀಟರ್ ಬಿಟ್ಟು ಕದಲುವುದಿಲ್ಲ. ನೆಲದ ಹತ್ತಿರ ಸೋರಿಕೆ ಪತ್ತೆಹಚ್ಚುವ ಪುಟ್ಟ ಡಬ್ಬಿ ಮಿನುಗುತ್ತಿದೆ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂತು ಉಸಿರು ಕಟ್ಟಿಸುತ್ತದೆ.

ವಾಲ್ವಿನ ಆಚೆ ಒತ್ತಡ ಇಳಿಯುತ್ತಿದ್ದಂತೆ ಅನಿಲ ಮತ್ತೆ ಬರೀ ಅನಿಲವಾಗಿ, ಹೊತ್ತು ತಂದದ್ದನ್ನು ಅಲ್ಲೇ ಬಿಟ್ಟು, ತಂಪಾಗಿ ಪಂಪಿಗೆ ಮರಳುತ್ತದೆ. ಕೆಳಗಿನ ನಲ್ಲಿ ತಿರುಗಿಸಿದರು. ಬುಸ್ಸೆಂದು ಉಗುಳುತ್ತ, ನೊರೆನೊರೆಯಾಗಿ ಗಾಜಿನ ಲೋಟಕ್ಕೆ ಬಿದ್ದದ್ದು ಕಂದು ಹಳದಿಯ ಮಂದ ಲೇಹ್ಯ. ಚೀಲದಲ್ಲಿದ್ದ ವಾಸನೆಯೇ ಇಲ್ಲೂ ಇದೆ, ನೂರು ಪಟ್ಟು ದಟ್ಟವಾಗಿ.

ಕ್ಯಾಮೊಮೈಲ್ ಎಣ್ಣೆ ಅಂದರೆ ಗಾಢ ನೀಲಿ ಎಂದು ತಿಳಿದವರಿಗೆ ಇದು ಕಲಬೆರಕೆ ಅನ್ನಿಸಬಹುದು. ಅಲ್ಲ. ಹೂವಿನಲ್ಲಿ ಆ ನೀಲಿ ಇಲ್ಲವೇ ಇಲ್ಲ. ಅಲ್ಲಿರುವುದು ಮ್ಯಾಟ್ರಿಸಿನ್ ಎಂಬ ಬಣ್ಣವಿಲ್ಲದ ವಸ್ತು. ಗಂಟೆಗಟ್ಟಲೆ ಹಬೆಯಲ್ಲಿ ಬೆಂದಾಗ ಅದು ಒಡೆದು ಚಮಜುಲೀನ್ ಎಂಬ ನೀಲಿಯಾಗುತ್ತದೆ. 40 ಡಿಗ್ರಿಯಲ್ಲಿ ಒಡೆಯುವುದಿಲ್ಲ, ಇದ್ದದ್ದು ಇದ್ದಂತೆ ಬರುತ್ತದೆ. ಹಬೆಯಿಂದ ತೆಗೆದ ನೀಲಿ ಎಣ್ಣೆ ಕೆಟ್ಟದ್ದಲ್ಲ, ಚಮಜುಲೀನಿಗೂ ಉರಿಯೂತ ತಗ್ಗಿಸುವ ಗುಣವಿದೆ. ಆದರೆ ಹೂವಿಗೆ ಹತ್ತಿರದ್ದು ಯಾವುದು ಎಂದರೆ ನನ್ನ ಬೆರಳು ಈ ಹಳದಿಯತ್ತಲೇ ಹೋಗುತ್ತದೆ.

ಕೊಳ್ಳುವವರು ಬಣ್ಣ ನೋಡಿ ಮೋಸಹೋಗಬೇಡಿ, ಯಾವ ವಿಧಾನದಿಂದ ತೆಗೆದದ್ದೆಂದು ಲೇಬಲ್ ಓದಿ. ಕಾಂಗ್ರೆಸ್ ಗಿಡ ತಾಗಿದರೆ ಮೈ ತುರಿಸುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಹಚ್ಚಿಕೊಳ್ಳಬೇಡಿ. ಎರಡೂ ಒಂದೇ ಕುಟುಂಬದ ಗಿಡಗಳು.