ಹಳೆಯ ಪಿಕಪ್ಪಿನ ಹಲ್ಲು ಎಣಿಸುವುದು

ನಮ್ಮ ವಿಜಾಪುರದ ಕಡೆ ಎತ್ತು ಕೊಳ್ಳುವುದು ಒಂದು ದೊಡ್ಡ ವಿದ್ಯೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದವರು ನೋಡಿರಬಹುದು. ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ; ಎರಡು ಹಲ್ಲಿನದೋ, ನಾಲ್ಕೋ, ಆರೋ, ಇಲ್ಲ ಬಾಯಿಗೂಡಿದ್ದೋ ಎಂದು ವಯಸ್ಸು ಹಿಡಿಯುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೇ ಎಂದು ಪರೀಕ್ಷಿಸುತ್ತಾನೆ. ಕೊನೆಗೆ ದಲಾಲಿಯ ಕೈಯನ್ನು ಟವೆಲಿನ ಕೆಳಗೆ ಹಿಡಿದು ಬೆರಳುಗಳಲ್ಲೇ ಬೆಲೆ ಮಾತಾಡುತ್ತಾನೆ. ಇಷ್ಟೆಲ್ಲ ಬಲ್ಲ ನಮ್ಮವರು ಪುಣೆ, ಮುಂಬಯಿಗೆ ಬಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಮಾತ್ರ ಬಣ್ಣ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ!

2024ರಲ್ಲಿ ನನ್ನ ತಂಗಿಯ ಮಗ ಇಂಥದೇ ಒಂದು ಖರೀದಿಗೆ ಹೊರಟ. ಕಂತ್ರಾಟಿನ ಕೆಲಸ ಬಿಟ್ಟು, ಹಳೆಯದೊಂದು ಪಿಕಪ್ ಕೊಂಡು ಮಾರ್ಕೆಟ್ ಯಾರ್ಡಿನಿಂದ ಹೋಟೆಲುಗಳಿಗೆ ತರಕಾರಿ ಹೊಡೆಯಬೇಕೆಂದು ಅವನ ಯೋಚನೆ. ಊರಿನಲ್ಲಿ ಹೊಲವನ್ನು ಬಾಡಿಗೆ ಟ್ರ್ಯಾಕ್ಟರಿಗೆ ಒಪ್ಪಿಸಿ, ಮನೆಯ ಜೋಡೆತ್ತು ಮಾರಿ, ತಂಗಿ 1,10,000 ರೂಪಾಯಿ ಕಳಿಸಿದ್ದಳು. ಉಳಿದದ್ದು ಪತಸಂಸ್ಥೆಯ ಸಾಲ. ಎಲ್ಲ ಸೇರಿ ನಾಲ್ಕೂವರೆ ಲಕ್ಷ. ಗಾಡಿ ಆರು ತಿಂಗಳಲ್ಲಿ ಕೆಟ್ಟು ನಿಂತರೆ ಎತ್ತೂ ಇಲ್ಲ, ಗಾಡಿಯೂ ಇಲ್ಲ, ಸಾಲದ ಕಂತು ಮಾತ್ರ ಉಳಿಯುತ್ತದೆ. ನಾನು ಮೂವತ್ತೆರಡು ವರ್ಷ ಪಿಂಪ್ರಿಯ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ದುಡಿದವನು. ಹೀಗಾಗಿ ನೋಡುವ ಹೊಣೆ ನನ್ನ ಮೇಲೆ ಬಿತ್ತು.

ಪುಣೆಯಲ್ಲಿ ಸಾಮಾನು ಹೇರುವ ಸಣ್ಣ ಗಾಡಿಗೆಲ್ಲ ‘ಟೆಂಪೊ’ ಎಂದೇ ಹೆಸರು. ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯ ಗಾಡಿಯ ಹೆಸರು ಅದು. ಅವರ ಸಹಯೋಗದಿಂದ 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೊ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಕಂಪನಿ ಹೆಸರು ಬಿಟ್ಟರೂ ಜನ ಬಿಡಲಿಲ್ಲ. 1986ರಲ್ಲಿ ಟಾಟಾ 407 ಬಂತು, 2005ರಲ್ಲಿ ಪುಟ್ಟ ಟಾಟಾ ಏಸ್ ಬಂತು, ಮಹೀಂದ್ರದ ಬೊಲೆರೊ ಪಿಕಪ್ ಬಂತು. ಮಾರ್ಕೆಟ್ ಯಾರ್ಡಿನ ಹಮಾಲರ ಬಾಯಲ್ಲಿ ಎಲ್ಲವೂ ಟೆಂಪೊಗಳೇ.

ಯಾವ ಕಂಪನಿಯದು ಗಟ್ಟಿ ಎಂಬ ವಾದ ಚಹಾದಂಗಡಿಯಲ್ಲಿ ದಿನವೂ ನಡೆಯುತ್ತದೆ. ನನಗೆ ಆ ವಾದದಲ್ಲಿ ಆಸಕ್ತಿ ಕಡಿಮೆ. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ಗಾಡಿಗಳಲ್ಲಿ ಒಂದು ಹಾಲಿನ ಕ್ಯಾನು ಹೊತ್ತು, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸಿಕೊಂಡು ಬೆಳೆದಿರುತ್ತದೆ. ಇನ್ನೊಂದು ಮಿತಿಮೀರಿ ಮರಳು ಹೊತ್ತು, ಮೂವರು ಬಾಡಿಗೆ ಡ್ರೈವರುಗಳ ಕೈಯಲ್ಲಿ ನಲುಗಿರುತ್ತದೆ. ಐದಾರು ವರ್ಷದ ಮೇಲೆ ನಾವು ಕೊಳ್ಳುವುದು ಆ ಗಾಡಿ ಬಾಳಿದ ಬಾಳನ್ನು. ಆ ಬಾಳಿನ ಗುರುತುಗಳನ್ನು ಓದಲು ಕಲಿತರೆ ಸಾಕು.

ಮೊದಲನೆಯ ಗಾಡಿ ನಿಗಡಿಯ ಕಡೆ ಒಬ್ಬ ಏಜೆಂಟನ ಬಳಿ ಇತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. “ಮಾಮಾ, ಗಾಡಿ ಭಾರೀ ಹೊಳೀತೈತ್ರೀ, ಹಿಡದಬಿಡೂಣು” ಎಂದ ಹುಡುಗ. “ಹೊಳಿಯೂದು ಬಣ್ಣೋ ತಮ್ಮಾ, ಎಳಿಯೂದು ಇಂಜಿನ್ನು. ತಡಿ” ಎಂದೆ. ನಾವು ಬರುವ ತನಕ ಇಂಜಿನ್ ಶುರು ಮಾಡಬೇಡಿರೆಂದು ಹಿಂದಿನ ದಿನವೇ ಹೇಳಿದ್ದೆವು. ಬೆಳಗಿನ ಏಳು ಗಂಟೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಆಗಲೇ ಬೆಚ್ಚಗಿತ್ತು! ತಣ್ಣಗಿದ್ದಾಗ ಹೇಗೆ ಶುರುವಾಗುತ್ತದೆ ಎಂಬುದರಲ್ಲಿಯೇ ಡೀಸೆಲ್ ಇಂಜಿನ್ನಿನ ಅರ್ಧ ಆರೋಗ್ಯ ತಿಳಿಯುತ್ತದೆ. ಚಳಿಯಲ್ಲಿ ಅರೆಗಳಿಗೆ ಬಿಳಿ ಹೊಗೆ ಬಂದು ಹೋದರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆಯೆಂದರೆ ಇಂಜಿನ್ ತನ್ನ ಎಣ್ಣೆಯನ್ನೇ ಕುಡಿಯುತ್ತಿದೆ. ಒತ್ತಿದಾಗಲೆಲ್ಲ ದಟ್ಟ ಕಪ್ಪು ಹೊಗೆ ಕಾರಿದರೆ ಇಂಜೆಕ್ಟರಿನ ಕಡೆಗೋ ಏರ್ ಫಿಲ್ಟರಿನ ಕಡೆಗೋ ಮಿಸ್ತ್ರಿಯ ಕಣ್ಣು ಹೋಗಬೇಕು.

ಕಾದ ಇಂಜಿನ್ನಿನಿಂದ ಇದೆಲ್ಲ ಮರೆಯಾಗುತ್ತದೆ. ಆದರೂ ಬಂದದ್ದಕ್ಕೆಂದು ನೆಲದ ಮೇಲೆ ಚೀಲ ಹಾಸಿ ಗಾಡಿಯ ಕೆಳಗೆ ನುಸುಳಿದೆ. ಪಿಕಪ್ಪಿನ ಬೆನ್ನೆಲುಬು ಅದರ ಚಾಸಿ. ಏಣಿಯಂತೆ ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ. ಇಂಜಿನ್ನಿಗೆ ಮರುಜನ್ಮ ಕೊಡಬಹುದು, ಬೆನ್ನೆಲುಬು ಮುರಿದರೆ ಕಷ್ಟ. ಇಲ್ಲಿ ಹಿಂದಿನ ಸ್ಪ್ರಿಂಗ್ ಕೂಡುವ ಕಡೆ ಮಾತ್ರ ಹೊಸ ಕಪ್ಪು ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ವೆಲ್ಡಿಂಗಿನ ಗಂಟು. ಸ್ಪ್ರಿಂಗಿಗೆ ಕಂಪನಿಯದಲ್ಲದ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿದ್ದರು. ಮಿತಿಗಿಂತ ಹೆಚ್ಚು ಭಾರ ಹೊರಿಸಿದ್ದಕ್ಕೆ ಬೇರೆ ಸಾಕ್ಷಿ ಬೇಕೆ? ಮೀಟರು ಮಾತ್ರ 62,000 ಕಿಲೋಮೀಟರ್ ಎನ್ನುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು, ಸ್ಟೀರಿಂಗು ಬೋಳಾಗಿ ಮಿನುಗುತ್ತಿತ್ತು. ಮೀಟರಿನ ಅಂಕಿ ತಿರುಗಿಸುವವರಿದ್ದಾರೆ; ಪೆಡಲಿನ ಸವೆತ ತಿರುಗಿಸುವವರಿಲ್ಲ. ಹಲ್ಲು ಎಣಿಸಬೇಕಾದ್ದು ಅಲ್ಲಿ.

ಎರಡನೆಯದು ಕೊಂಕಣದ ಕಡೆಯಿಂದ ಮೀನು ಹೊತ್ತು ತಂದ ಗಾಡಿ. ಇಂಜಿನ್ ಚೆನ್ನಾಗಿತ್ತು. ಆದರೆ ಮೀನಿನ ಬುಟ್ಟಿಯಿಂದ ಸೋರಿದ ಉಪ್ಪುನೀರು ಹಿಂದಿನ ಬಾಡಿಯ ತಳವನ್ನೂ ಚಾಸಿಯ ಕೂಡುಗಳನ್ನೂ ತಿಂದಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ತುಕ್ಕು ಪದರು ಪದರಾಗಿ ಉದುರಿತು. ಇನ್ನೂ ದೊಡ್ಡ ತೊಡಕು ಕಾಗದದಲ್ಲಿತ್ತು. ಆರ್.ಸಿ.ಯಲ್ಲಿ ಸಾಲದ ಹೆಸರು ಹಾಗೆಯೇ ಉಳಿದಿತ್ತು. “ಸಾಲ ತೀರಿದೆ, ಪತ್ರ ಆಮೇಲೆ ಕೊಡುತ್ತೇನೆ” ಎಂದನು ಮಾಲೀಕ. ಸಾಲ ತೀರಿದರೆ ಸಾಲ ಕೊಟ್ಟವರ ಪತ್ರ, ಜತೆಗೆ ಅವರು ಸಹಿ ಮಾಡಿದ ಫಾರ್ಮ್ 35 ಇರಲೇಬೇಕು. ಅದು ಕೈಗೆ ಬರುವ ತನಕ ನಮ್ಮ ಹಣವೂ ಕೈ ಬಿಡಬಾರದು.

ಕಾಗದದ ಮಾತು ಬಂದಿತೆಂದು ಹೇಳಿಬಿಡುತ್ತೇನೆ. ಚಾಸಿಯ ಮೇಲೆ ಒತ್ತಿದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ.ಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಿರಿ. ಸರಕು ಗಾಡಿಗೆ ‘ಪಾಸಿಂಗ್’ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ಯಾವ ದಿನ ಮುಗಿಯುತ್ತದೆ ನೋಡಿರಿ. ಮಾರಾಟಕ್ಕೆ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಬೇಕು. ಒಂದೇ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ ತಿಳಿಸಬೇಕು, ಕೊಂಡವನು 30 ದಿನದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ವಿಮೆಗೂ 14 ದಿನದೊಳಗೆ ಅರ್ಜಿ ಕೊಡಬೇಕು. ಗಾಡಿ ಮಾರಿಯೂ ಹೆಸರು ಬದಲಾಗದೆ ಉಳಿದು ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಇದು ಮಾರುವವನಿಗೂ ಹಿತ. ಇಲ್ಲಿ ಕೊಂಡು ಊರಿಗೆ ಒಯ್ಯುವ ಆಲೋಚನೆಯಿರುವ ನಮ್ಮವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಅದಕ್ಕೆ ಇಲ್ಲಿಯ ಆರ್.ಟಿ.ಓ.ದ ಎನ್.ಓ.ಸಿ. ಬೇಕು, ಅಲ್ಲಿಯ ತೆರಿಗೆಯೂ ಬೀಳುತ್ತದೆ. ಅಗ್ಗವೆಂದು ಒಯ್ದದ್ದು ಊರು ಮುಟ್ಟುವಷ್ಟರಲ್ಲಿ ತುಟ್ಟಿಯಾಗಬಹುದು.

ಮೂರನೆಯದು ಗುಲ್ಟೇಕಡಿಯ ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯದು. 2018ರ ಗಾಡಿ, 1,34,000 ಕಿಲೋಮೀಟರ್ ಓಡಿದ್ದು. ಬಣ್ಣ ಮಾಸಿತ್ತು, ಎಡಗಡೆಯ ಬಾಗಿಲಿಗೆ ಗೀರು. ಹುಡುಗನ ಮುಖ ಸಪ್ಪಗಾಯಿತು. ಆದರೆ ಆ ಮುದುಕರು ತಾವೇ ಓಡಿಸಿದ್ದರು. ಮೊಣಕಾಲು ನೋವು, ಮಗನಿಗೆ ಈ ದಂಧೆ ಬೇಡ, ಅದಕ್ಕೆಂದು ಮಾರಾಟ. ಪ್ಲಾಸ್ಟಿಕ್ ಚೀಲವೊಂದರಿಂದ ಆರು ವರ್ಷದ ರಸೀದಿಗಳನ್ನು ತೆಗೆದು ಮುಂದಿಟ್ಟರು: ಎಣ್ಣೆ, ಫಿಲ್ಟರು, ಬ್ರೇಕ್ ಲೈನರು, ಒಮ್ಮೆ ರೇಡಿಯೇಟರು. ಪ್ರತಿಯೊಂದರ ಮೇಲೂ ತಾರೀಖು ಮತ್ತು ಮೀಟರಿನ ಅಂಕಿ ಇತ್ತು; ಅಂಕಿಗಳು ಮೆಟ್ಟಿಲಿನಂತೆ ಏರಿದ್ದವು, ಎಲ್ಲಿಯೂ ಹಿಂದಕ್ಕೆ ಇಳಿದಿರಲಿಲ್ಲ.

ಇಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಶುರುವಾಯಿತು. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದೆ; ಒಳಗಿಂದ ರಭಸದ ಹಬೆ ಏಳಲಿಲ್ಲ, ಮುಚ್ಚಳಕ್ಕೆ ಕೆನೆಯಂಥ ಬಿಳಿ ಜಿಡ್ಡು ಅಂಟಿರಲಿಲ್ಲ. ಕೆನೆ ಕಂಡರೆ ಎಣ್ಣೆಯಲ್ಲಿ ನೀರು ಬೆರೆತಿರಬಹುದು. ಎಣ್ಣೆ ಕಪ್ಪಾಗಿದೆಯೆಂದು ಹುಡುಗ ಗಾಬರಿಯಾದ. ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆ ಬೇಗನೆ ಕಪ್ಪಾಗುವುದು ಸಹಜ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯ ಎರಡು ವರ್ಷ. ಮುಂದಿನೆರಡು 3122, ಅಂದರೆ 2022ರ 31ನೆಯ ವಾರದವು. ಒಂದೇ ಸಮನೆ ಸವೆದಿದ್ದವು. ಹಿಂದಿನವು ಬದಲಾಗಬೇಕಿತ್ತು.

“ಖಾಲಿ ಗಾಡಿ ಓಡಿಸಿ ಏನು ತಿಳಿಯುತ್ತದೆ? ಇಪ್ಪತ್ತು ಚೀಲ ಹೇರಿಯೇ ಇದೆ, ಹಾಗೆಯೇ ಒಯ್ಯಿರಿ” ಎಂದರು ಮುದುಕರು. ಆ ಮಾತಿಗೆ ನಾನು ಅರ್ಧ ಒಪ್ಪಿಬಿಟ್ಟೆ. ನಮ್ಮ ಮಿಸ್ತ್ರಿಯನ್ನು ಕೂಡಿಸಿಕೊಂಡು ಕಾತ್ರಜದ ಹಳೆಯ ಘಾಟಿ ಹತ್ತಿದೆವು. ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆಯೆಂದು ಅರ್ಥ. ಇಲ್ಲಿ ಮೇಲಿನ ಗೇರಿನಲ್ಲಿ ಸ್ವಲ್ಪ ಜಾರಿತು. ಉಷ್ಣತೆಯ ಮುಳ್ಳು ಸುರಂಗದ ತನಕ ನಡುವೆಯೇ ನಿಂತಿತ್ತು. ಇಳಿಯುವಾಗ ಎರಡನೆಯ ಗೇರಿನಲ್ಲಿ ಕಾಲು ತೆಗೆದರೂ ಗೇರು ಹಾರಲಿಲ್ಲ, ಬ್ರೇಕು ಒತ್ತಿದರೆ ಗಾಡಿ ಯಾವ ಕಡೆಗೂ ಎಳೆಯಲಿಲ್ಲ.

4,20,000 ಕೇಳಿದರು, ಟಯರು, ಕ್ಲಚ್ಚಿನ ಲೆಕ್ಕ ತೋರಿಸಿ 3,90,000ಕ್ಕೆ ಕುದುರಿತು. ಉಳಿದ 60,000ದಲ್ಲಿ ಕೈಯಾಡಿಸಲು ನಾನು ಬಿಡಲಿಲ್ಲ. ಹುಡುಗ ಹೊಸ ಬಣ್ಣ, ಹಾಡಿನ ಪೆಟ್ಟಿಗೆ ಎಂದು ಕುಣಿಯುತ್ತಿದ್ದ. ಹಿಂದಿನ ಟಯರು, ಹೆಸರು ಬದಲಾವಣೆ, ವಿಮೆ ಇಷ್ಟಕ್ಕೆ ಬಿಟ್ಟು ಮಿಕ್ಕದ್ದನ್ನು ಬ್ಯಾಂಕಿನಲ್ಲಿಡಿಸಿದೆ. ಎಂಟನೆಯ ತಿಂಗಳು ಕ್ಲಚ್ ಪ್ಲೇಟು ಹೋಯಿತು. ಎರಡು ದಿನ ಗಾಡಿ ನಿಂತಿತು. ಖರ್ಚು ಆ ಹಣದಲ್ಲಿಯೇ ಮುಗಿಯಿತು. ಊರಿಗೆ ಫೋನು ಮಾಡಿ ತಾಯಿಯನ್ನು ಕೇಳುವ ಪ್ರಸಂಗ ಬರಲಿಲ್ಲ.

ಹಳೆಯ ಗಾಡಿ ಕೆಡುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು. ಏನು ಕೆಡಬಹುದು, ಅದಕ್ಕೆ ಎಷ್ಟು ಬೀಳಬಹುದು ಎಂದು ಕೊಳ್ಳುವ ದಿನವೇ ಗೊತ್ತಿದ್ದರೆ ಅದೇ ದೊಡ್ಡ ಭರವಸೆ. ನಮ್ಮಂಥ ವಲಸೆ ಬಂದ ಮನೆಗಳಲ್ಲಿ ಒಂದು ಗಾಡಿಯ ಹಿಂದೆ ಊರಿನ ಹೊಲವೋ ಎತ್ತೋ ತಾಯಿಯ ಬಂಗಾರವೋ ಇರುತ್ತದೆ. ಆದ್ದರಿಂದ ಬೆಳಗಿನ ನಿದ್ದೆ ಬಿಟ್ಟು, ತಣ್ಣನೆಯ ಇಂಜಿನ್ನಿನ ಬಳಿ ಹೋಗಿ ನಿಲ್ಲುವುದರಲ್ಲಿ ಸೋಮಾರಿತನ ಬೇಡ. ಮಿಸ್ತ್ರಿಗೆ ಐದುನೂರು ಕೊಡಲು ಹಿಂದೆಮುಂದೆ ನೋಡಬೇಡಿರಿ. ಮಿಸ್ತ್ರಿಯನ್ನು ಕರೆತರುತ್ತೇನೆಂದರೆ ಮುಖ ಸಿಂಡರಿಸುವ ಮಾಲೀಕನಿಗೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿರಿ.