ಗುಡ್ಡಕ್ಕ ಹೋಗೋ ಗಾಡಿ, ಭಾಗ 3: ಕಾಲ ಕೆಳಗ ಮೆತ್ತಗಾದ ನೆಲ

ಕಳೆದ ಭಾಗದಾಗ ಟಾಪು, ಕಿಟಕಿ ನೋಡಿದ್ವಿ. ಇವತ್ತು ನೆಲ. ಮೊದಲನೇ ಫೋಟೋದಾಗ ಚಾಕ್‌ಪೀಸಿನಿಂದ ಮೂರು ಸುತ್ತು ಹಾಕೇವಿ ನೋಡ್ರಿ, ಅಲ್ಲಿ ಹಿಮ್ಮಡಿ ಊರಿದ್ರ ನೆಲ ಬ್ರೆಡ್ಡಿನಂಗ ಒಳಗ ಹೋಗ್ತೈತಿ.

ಹೊಸದಾಗಿ ಬಂದವರಿಗೆ: ಇದು ನಮ್ಮ ಕಾಕಾನ ಹಳೇ ಟೆಂಪೋ. ದಿನಾ ಬೈಲಹೊಂಗಲ ಕಡೆ ಮಂದಿ, ಮಾಲು ಹೊರತೈತಿ. ಬನದ ಹುಣ್ಣಿವಿ, ಭಾರತ ಹುಣ್ಣಿವಿ ಬಂತಂದ್ರ ಸೀಟು ಬಿಚ್ಚಿ, ಚಾಪಿ ಹಾಸಿ, ಒಲಿ, ಕೊಡ, ರೊಟ್ಟಿ ಬುಟ್ಟಿ ಏರಿಸಿ ಹನ್ನೊಂದು ಮಂದಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗ್ತೀವಿ. ಅಲ್ಲೇ ಅಡಗಿ, ಅಲ್ಲೇ ನಿದ್ದಿ. ಹೊರದೇಶದ ವಿಡಿಯೋದಾಗ ನೀವು ನೋಡೋ ಕ್ಯಾರವಾನ್ ನಮ್ಮ ಕಡೆ ಇದ. ಇದಕ್ಕೂ ಮೊದಲು ಕೊಲ್ಲಾರಿ ಚಕ್ಕಡಿ ಇತ್ತು, ಈಗಲೂ ಚಕ್ಕಡಿ ಹೂಡಿಕೊಂಡು ಗುಡ್ಡಕ್ಕ ಬರೋರು ಅದಾರ.

ನೆಲ ಯಾಕ ಮೆತ್ತಗಾತು? ಪ್ಲೈವುಡ್ ಅಂದ್ರ ತೆಳ್ಳನೆಯ ಕಟ್ಟಿಗಿ ಹಾಳೆಗಳನ್ನ ಅಂಟು ಹಚ್ಚಿ ಒಂದರ ಮ್ಯಾಲೊಂದು ಕೂಡಿಸಿದ್ದು. ನೀರು ಹೊಕ್ಕರೆ ಅಂಟು ಬಿಡ್ತೈತಿ, ಪದರ ಬ್ಯಾರೆ ಆಗ್ತಾವ, ಆಮೇಲೆ ಶಿಲೀಂಧ್ರ ಹತ್ತಿ ಕೊಳೀತೈತಿ. ಕಟ್ಟಿಗಿಯೊಳಗಿನ ತೇವ ಶೇ. 20ಕ್ಕಿಂತ ಕಡಿಮಿ ಇದ್ರ ಆ ಶಿಲೀಂಧ್ರ ಬೆಳಿಯಂಗಿಲ್ಲ. ಹಂಗಾಗಿ ಒಮ್ಮೆ ತೋಯ್ದು ಬೇಗ ಒಣಗಿದ ಹಲಗಿಗೆ ಅಂಥಾ ಅಪಾಯ ಇಲ್ಲ. ನಮ್ಮ ಗಾಡ್ಯಾಗ ನೀರು ಒಣಗಾಕ ದಾರಿನೇ ಇರಲಿಲ್ಲ. ಮ್ಯಾಲೆ ಗೋಡಿಯಿಂದ ಗೋಡಿಗೆ ಪ್ಲಾಸ್ಟಿಕ್ ಮ್ಯಾಟು. ಜೋಗುಳಬಾವಿಯಾಗ ಜಳಕಾ ಮಾಡಿ ಹಸಿ ಬಟ್ಟಿಯಾಗ ಗಾಡಿ ಹತ್ತತೀವಿ, ಕೊಡ ತುಳುಕತೈತಿ, ಕಿತ್ತೂರು ಕಡೆ ಮಳ್ಯಾಗ ಬಾಗಿಲ ರಬ್ಬರಿನ ಸಂದಿಯಿಂದ ಇಳೀತೈತಿ. ಎಲ್ಲಾ ನೀರು ಮ್ಯಾಟಿನ ಕೆಳಗ ಕುಂತಿತ್ತು. ಚಕ್ಕಡಿ ಹಲಗಿಗಳ ನಡುವೆ ಸಂದು ಇರ್ತಾವಲ್ಲ, ನೀರು ನೆಲಕ್ಕ ಸೋರಿ ಹೋಗ್ತೈತಿ, ಗಾಳಿ ಆಡ್ತೈತಿ.

ಹುಣ್ಣಿವಿಗೆ ಎಂಟು ದಿನ ಇತ್ತು. "ಮ್ಯಾಲೊಂದು ಹೊಸ ಮ್ಯಾಟು ಹಾಕ್ರಿ, ಹೋಗಿ ಬರೂಣು" ಅಂತ ಮನ್ಯಾಗ ಎಲ್ಲಾರ ಮಾತು. ಕಾಕಾ ಏನೂ ಅನ್ನಲಿಲ್ಲ. ಬಾಗಿಲ ಹತ್ರದ ಸುತ್ತಿನಾಗ ಸ್ಕ್ರೂಡ್ರೈವರ್ ಊರಿದ, ಹಿಡಿಕಿ ತನಕ ಹೋತು. ಅದು ಆಯಿ ಕುಂಡ್ರೋ ಜಾಗಾ. ಕೆಳಗ ಓಡೋ ರಸ್ತೆ.

ಮುಂದಿನ ಫೋಟೋಗಳ ಕ್ರಮ ಹಿಂಗೈತಿ:

ಒಂದು. ಮೊದಲು ನೀರಿನ ದಾರಿ ಹುಡುಕ್ರಿ. ಒಬ್ಬರು ಹೊರಗಿನಿಂದ ಪೈಪ್ ಹಿಡೀರಿ, ಇನ್ನೊಬ್ಬರು ಒಳಗ ಟಾರ್ಚ್ ಹಿಡಿದು ಕುಂಡ್ರಿ. ರಬ್ಬರ್ ಬದಲಿಸದ ನೆಲ ಬದಲಿಸಿದ್ರ ರೊಕ್ಕ ಹೋದಂಗ.

ಎರಡು. ಕತ್ತರಿಸೋಕಿಂತ ಮುಂಚೆ ಗಾಡಿ ಕೆಳಗ ಮಲಗಿ ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರು ಎಲ್ಲೆಲ್ಲಿ ಅದಾವು ನೋಡ್ರಿ. ಗರಗಸದ ಆಳ ಪ್ಲೈ ದಪ್ಪದಷ್ಟೇ ಇಡ್ರಿ.

ಮೂರು. ಮೆತ್ತಗಿದ್ದಷ್ಟೇ ಕತ್ತರಿಸಬ್ಯಾಡ್ರಿ. ಗಟ್ಟಿ ಕಟ್ಟಿಗಿ ಸಿಗೋತನಕ, ಆಮ್ಯಾಲೆ ಪಕ್ಕದ ಕಬ್ಬಿಣದ ಪಟ್ಟಿ ತನಕ ಹೋಗ್ರಿ. ಹೊಸ ತುಂಡಿನ ಅಂಚು ಕಬ್ಬಿಣದ ಮ್ಯಾಲೆ ಕುಂಡ್ರಬೇಕು.

ನಾಲ್ಕು. ಒಣಗಿಸ್ರಿ. ಬಾಗಿಲು ತೆಗೆದು ಬಿಸಿಲಿಗೆ ಬಿಡ್ರಿ. ಕಬ್ಬಿಣದ ತುಕ್ಕು ತಂತಿ ಬ್ರಷ್ಷಿನಿಂದ ಉಜ್ಜಿ ರೆಡ್ ಆಕ್ಸೈಡ್ ಹಚ್ಚರಿ.

ಐದು. ಪ್ಲೈ ಕೊಳ್ಳುವಾಗ ಮುದ್ರೆ ಓದ್ರಿ. ಐಎಸ್ 710 ಅಂದ್ರ ಮರೀನ್ ದರ್ಜೆ. ಐಎಸ್ 303ರಾಗ ಬಿಡಬ್ಲ್ಯುಆರ್ ನೀರಿಗೆ ತಡೀತೈತಿ, ಎಂಆರ್ ಒಳಮನಿ ಕೆಲಸಕ್ಕಷ್ಟೇ. ನೀರು ಹೆಚ್ಚು ಕುಡಿಯೋದು ಕತ್ತರಿಸಿದ ಅಂಚು, ಅದಕ್ಕ ಎರಡು ಸಲ ಬಣ್ಣ ಅಥವಾ ಎಪಾಕ್ಸಿ ಹಚ್ಚರಿ. ಆಮೇಲೆ ಸ್ಕ್ರೂ ಬಿಗಿದು, ಸಂದಿಗೆ ಸೀಲಂಟ್ ತುಂಬರಿ.

ಈ ನಾಲ್ಕನೇದಕ್ಕೇ ನಮ್ಮ ದಿನ ಮುಗಿದ್ವು. ಗಾಡಿ ಬನದ ಹುಣ್ಣಿವಿಗೆ ಹೋಗಲಿಲ್ಲ. ಆಯಿ ಸಿಟ್ಟಿನಾಗ ಒಬ್ಬಾಕಿನೇ ಬಸ್ಸು ಹತ್ತಿ ಗುಡ್ಡಕ್ಕ ಹೋಗಿ ಬಂದಳು, ಕಾಕಾನ ಜೋಡಿ ಮೂರು ದಿನ ಮಾತು ಬಿಟ್ಟಳು. ಭಾರತ ಹುಣ್ಣಿವಿಗೆ ಎಲ್ಲಾರೂ ಹೋದ್ವಿ. ಈಗ ಮ್ಯಾಟು ತುಂಡು ತುಂಡು ಐತಿ, ಊರಿಗೆ ಬಂದ ಕೂಡಲೇ ಎತ್ತಿ ಬಿಸಿಲಿಗೆ ಹಾಕ್ತೀವಿ.

ಈಗ ನಿಮ್ಮ ಕೆಲಸ. ದಿನಾ ಕಾಲೇಜಿಗೆ ಟಂಟಂ, ಕ್ರೂಸರ್, ಟೆಂಪೋದಾಗ ಬರ್ತೀರಲ್ಲ. ನಾಳೆ ಹತ್ತುವಾಗ ಬಾಗಿಲ ಹತ್ರ ಹಿಮ್ಮಡಿ ಊರಿ ನೋಡ್ರಿ. ಒಳಗ ಹೋತಂದ್ರ ಡ್ರೈವರ್ ಅಣ್ಣಾಗ ಹೇಳ್ರಿ, ಈ ಪೋಸ್ಟು ತೋರಿಸ್ರಿ. ಅಂವ ಮ್ಯಾಟು ಎತ್ತೋತನಕ ಆ ಜಾಗಾದಾಗ ಯಾರನ್ನೂ ಕುಂಡ್ರಸಬ್ಯಾಡ್ರಿ.

ಭಾಗ 4ರಾಗ ವೈರಿಂಗ್.

#ಗುಡ್ಡಕ್ಕಹೋಗೋಗಾಡಿ #ಬೈಲಹೊಂಗಲ #ಸವದತ್ತಿ #ಕಿತ್ತೂರು #ರಾಮದುರ್ಗ